ನಳಿನಾಕ್ಷಿಯ ಬೆರಳಿಗೆ ಕನ್ನಡದ ಹಸಿವು

ಡೊಂಬಿವಲಿ ಪೂರ್ವದ ಒಂದು ಹೌಸಿಂಗ್ ಸೊಸೈಟಿಯ ಮೂರನೇ ಮಹಡಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಳಗಿನ ರಸ್ತೆಯಲ್ಲಿ ಸ್ಟೇಷನ್ ಕಡೆ ಓಡುವವರ ಚಪ್ಪಲಿ ಸದ್ದು ಆಗಲೇ ಶುರುವಾಗಿದೆ. ಹಾಲ್‌ನ ಮೇಜಿನಡಿ ಕುಕ್ಕರುಗಾಲಲ್ಲಿ ಕೂತಿರುವ ನಳಿನಾಕ್ಷಿ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಮೊಬೈಲ್ ಟಾರ್ಚ್ ಹಿಡಿದು ರೌಟರ್ ಹಿಂದಿನ ವಯರು ಹುಡುಕುತ್ತಿದ್ದಾರೆ.

ಈ ಮನೆಯಲ್ಲಿ ಅಪ್ಪನದು ವಿಂಡೋಸ್ ಕಂಪ್ಯೂಟರು. ಮಗಳಿಗೆ ಆಫೀಸಿನವರು ಕೊಟ್ಟದ್ದು ಆ್ಯಪಲ್ ಲ್ಯಾಪ್‌ಟಾಪ್. ಕಾಲೇಜಿಗೆ ಹೋಗುವ ಮಗ ತನ್ನ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡಿದ್ದಾನೆ. ಒಂದರ ಫೈಲು ಇನ್ನೊಂದಕ್ಕೆ ಕಾಣಿಸುವುದಿಲ್ಲ. ಇಷ್ಟು ದಿನ ಪೆನ್‌ಡ್ರೈವ್ ಹಿಡಿದು ಓಡಾಡಿದವರು ಅದೂ ಕಳೆದುಹೋದ ಮೇಲೆ ನಳಿನಾಕ್ಷಿಗೆ ಫೋನ್ ಮಾಡಿದ್ದಾರೆ. ಎಂಟಕ್ಕೆ ಮಗಳ ಕೆಲಸ ಶುರು. ಅದಕ್ಕೇ ಈ ಮುಂಜಾನೆ.

“ಝಾಲಂ ಕಾ ತಾಈ?” ಆಯಿತಾ ಅಕ್ಕ ಎಂದು ಮನೆಯಾಕೆ ಚಹಾ ತಂದಿಟ್ಟು ಕೇಳುತ್ತಾರೆ.

“ಪಾಚ್ ಮಿನಿಟ್,” ಎನ್ನುವ ನಳಿನಾಕ್ಷಿ, ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಾರೆ: “ದೊಡ್ಡ ವಿದ್ಯೆ ಏನಿಲ್ಲ ಮಾರಾಯ್ರೆ. ಮನೆಯ ವೈಫೈಯನ್ನು ಇವರು ‘ಪಬ್ಲಿಕ್’ ಅಂತ ಇಟ್ಟಿದ್ದಾರೆ. ಆಗ ವಿಂಡೋಸ್ ಬಾಗಿಲು ಹಾಕಿ ಕೂರ್ತದೆ. ಅದನ್ನು ಸರಿ ಮಾಡ್ಬೇಕು, ಒಂದು ಫೋಲ್ಡರ್ ತೆರೆದಿಡ್ಬೇಕು, ಅದಕ್ಕೊಂದು ಹೆಸರು, ಪಾಸ್‌ವರ್ಡ್ ಕೊಡ್ಬೇಕು. ಪಾಸ್‌ವರ್ಡ್ ಇಲ್ಲದಿದ್ರೆ ರಗಳೆ. ಅಷ್ಟೇ.”

ಅಷ್ಟೇ ಎಂದರೂ ಇನ್ನೂ ಅರ್ಧ ಗಂಟೆ ಹಿಡಿಯುತ್ತದೆ. ಕೊನೆಗೆ ಮಗಳ ಪರದೆಯ ಮೇಲೆ ಅಪ್ಪನ ಫೋಲ್ಡರ್ ಕಾಣಿಸಿಕೊಂಡಾಗ ಮನೆಯವರೆಲ್ಲ ಬಗ್ಗಿ ನೋಡುತ್ತಾರೆ. ನಳಿನಾಕ್ಷಿ ತಣ್ಣಗಾದ ಚಹಾ ಕುಡಿದು ಚೀಲ ಹೆಗಲಿಗೇರಿಸುತ್ತಾರೆ.

ದಿನಕ್ಕೆ ಎರಡು ಮನೆ, ಆದಿತ್ಯವಾರ ಮೂರು. ಡೊಂಬಿವಲಿ, ಕಲ್ಯಾಣ, ಬದಲಾಪುರ, ಕೆಲವೊಮ್ಮೆ ನವಿ ಮುಂಬಯಿ. ಲಿಫ್ಟಿಲ್ಲದ ಕಟ್ಟಡಗಳಿಗೆ ಅವರ ಮೊಣಕಾಲು ಒಪ್ಪುವುದಿಲ್ಲ. ಗೇಟಿನಲ್ಲಿ ವಾಚ್‌ಮನ್ ಮನೆಗೆಲಸದವರ ಸಾಲಿನಲ್ಲೇ ನಿಲ್ಲಿಸುತ್ತಾನೆ. ಬಾಗಿಲು ತೆಗೆದವರು ಅವರ ಹಿಂದೆ ಮೆಟ್ಟಿಲ ಕಡೆ ಇಣುಕಿ, “ಇಂಜಿನಿಯರ್ ಕಿಧರ್ ಹೈ?” ಎಂದು ಕೇಳುವುದುಂಟು. “ಮೊದಲೆಲ್ಲ ಬೇಜಾರಾಗ್ತಿತ್ತು,” ಎನ್ನುತ್ತಾರೆ. “ಈಗ ನಗು ಬರ್ತದೆ.”

ನಳಿನಾಕ್ಷಿ ಹುಟ್ಟಿದ್ದು ಉಡುಪಿ ಕಡೆಯ ಹಳ್ಳಿಯಲ್ಲಿ. ಅಪ್ಪ ಠಾಣೆಯ ವಾಗ್ಳೆ ಎಸ್ಟೇಟ್‌ನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದರು. ಎಳೆಯ ಪ್ರಾಯದಲ್ಲೇ ಇವರೂ ಇಲ್ಲಿಗೆ ಬಂದರು. ಮನೆಯಲ್ಲಿ ತುಳು, ಓಣಿಯಲ್ಲಿ ಮರಾಠಿ. ಕನ್ನಡ ಸಿಕ್ಕಿದ್ದು ಇಲ್ಲಿನ ಕನ್ನಡ ಶಾಲೆಯಲ್ಲಿ, ಅದೂ ಅಕ್ಷರದ ಮೂಲಕ. “ಮಾತಾಡ್ಲಿಕ್ಕಿಂತ ಮೊದಲು ನಾನು ಬರೆಯಲಿಕ್ಕೆ ಕಲಿತದ್ದು. ಹಾಗಾಗಿ ಏನೋ, ಕನ್ನಡ ಅಂದ್ರೆ ನನಗೆ ಕಿವಿಗಿಂತ ಕಣ್ಣಿಗೆ ಹತ್ತಿರ.”

ಹತ್ತನೆಯ ತರಗತಿ ಮುಗಿದ ಮೇಲೆ ಅಪ್ಪನ ಪರಿಚಯದ ರಘುಪತಿ ಎಂಬವರ ಮುದ್ರಣಾಲಯದಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದರು. ಮದುವೆ ಕಾರ್ಡು, ಭಜನಾ ಮಂಡಳಿಯ ಕರಪತ್ರ, ಸಂಘಗಳ ಸ್ಮರಣ ಸಂಚಿಕೆ, ಯಾರೋ ಹವ್ಯಾಸಿಗಳ ಕವನ ಸಂಕಲನ, ಎಲ್ಲವೂ ಅವರ ಕೈ ದಾಟಿಯೇ ಹೋಗುತ್ತಿತ್ತು. ಕನ್ನಡ ಟೈಪ್ ಮಾಡುತ್ತಿದ್ದುದು ವಿಂಡೋಸ್‌ನಲ್ಲಿ, ಪುಟ ವಿನ್ಯಾಸ ಮಾಡುವವರದು ಆ್ಯಪಲ್. ಎರಡರ ನಡುವೆ ಫೈಲು ಸಾಗಿಸುವ ದಾರಿಯನ್ನು ರಿಪೇರಿಗೆ ಬರುತ್ತಿದ್ದವರ ಪಕ್ಕ ನಿಂತು ಕಲಿತರು.

ಮೊಬೈಲಿನಲ್ಲೇ ಆಮಂತ್ರಣ ಓಡಾಡಲು ಶುರುವಾದ ಮೇಲೆ ಮುದ್ರಣಾಲಯಕ್ಕೆ ಕೆಲಸ ಕಡಿಮೆಯಾಯಿತು. ರಘುಪತಿಯವರಿಗೂ ವಯಸ್ಸಾಗಿತ್ತು. ಬಾಗಿಲು ಹಾಕಿದ ದಿನ ನಳಿನಾಕ್ಷಿ ಕೊನೆಯದಾಗಿ ಜೋಡಿಸಿದ್ದು ಯಾರದೋ ಉತ್ತರಕ್ರಿಯೆಯ ಕಾರ್ಡು. “ಅದನ್ನು ಮೂರು ಸಲ ಪ್ರೂಫ್ ನೋಡಿದೆ. ತಪ್ಪಿರಲಿಲ್ಲ. ಏಳಲಿಕ್ಕೆ ಮನಸ್ಸಿರಲಿಲ್ಲ, ಅಷ್ಟೇ.”

ಗಂಡ ಯೋಗೀಶ್ ಕಲ್ಯಾಣದ ಹೋಟೆಲೊಂದರ ಗಲ್ಲೆಯಲ್ಲಿ, ಹಣದ ಪೆಟ್ಟಿಗೆಯ ಹಿಂದೆ, ಕೂರುತ್ತಾರೆ. ಮನೆ ನಡೆಯಲು ಇಬ್ಬರೂ ದುಡಿಯಲೇಬೇಕು. ಕೈಯಲ್ಲಿದ್ದ ಎರಡು ವಿದ್ಯೆಗಳಲ್ಲಿ ಕನ್ನಡವನ್ನು ಯಾರೂ ಕೇಳಲಿಲ್ಲ. ಕಂಪ್ಯೂಟರ್ ಜೋಡಿಸುವುದನ್ನು ಎಲ್ಲರೂ ಕೇಳಿದರು. ಹೀಗೆ ಎಂಟು ವರ್ಷ ಮನೆಮನೆ ತಿರುಗಿದರು. ಎಷ್ಟೋ ಪರದೆಗಳ ಮೇಲೆ ಎಷ್ಟೋ ಫೋಲ್ಡರುಗಳು, ಎಲ್ಲ ಇಂಗ್ಲಿಷ್, ಮರಾಠಿ, ಹಿಂದಿ. “ಬೇರೆಯವರ ಫೈಲು ಓದಬಾರ್ದು, ನಾನು ಓದುವುದಿಲ್ಲ. ಆದ್ರೆ ಹೆಸರು ಕಣ್ಣಿಗೆ ಬೀಳ್ತದಲ್ಲ? ಎಲ್ಲಾದ್ರೂ ಒಂದು ಕನ್ನಡದ ಹೆಸರು ಉಂಟಾ ಅಂತ ಕಣ್ಣು ಹುಡುಕ್ತಿತ್ತು.”

ಕಳೆದ ವರ್ಷ ಕೊನೆಗೂ ಕನ್ನಡ ಸಿಕ್ಕಿದ್ದು ಬದಲಾಪುರದಲ್ಲಿ. ಮನೆಯ ಯಜಮಾನ ಜಯಶೀಲ ಹೋಟೆಲ್ ಕೆಲಸದಿಂದ ನಿವೃತ್ತರಾದವರು. ಅಡುಗೆಮನೆಯಲ್ಲಿ, ಗಲ್ಲೆಯಲ್ಲಿ ತಮ್ಮೊಡನೆ ದುಡಿದು ಯಾರ ನೆನಪಿನಲ್ಲೂ ಉಳಿಯದವರ ಬಗ್ಗೆ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಬರೆಯುತ್ತಿದ್ದರು. ಅದನ್ನು ಪುಸ್ತಕ ಮಾಡಿಸುವ ಉತ್ಸಾಹ ಸೊಸೆ ನಿಶ್ಮಿತಾಳದು. ಮಾವನ ಬರಹ ತನ್ನ ಆ್ಯಪಲ್ ಲ್ಯಾಪ್‌ಟಾಪಿಗೆ ನೇರವಾಗಿ ಬರಲಿ ಎಂದು ನಳಿನಾಕ್ಷಿಯನ್ನು ಕರೆಸಿದಳು. ಆದಿತ್ಯವಾರ ಎರಡನ್ನೂ ಜೋಡಿಸಿ, ಎಲ್ಲ ಫೈಲುಗಳನ್ನು ಈಚೆ ನಕಲು ಮಾಡಿಟ್ಟು, ರೈಲಿನ ಹೊತ್ತಾಯಿತೆಂದು ನಳಿನಾಕ್ಷಿ ಹೊರಟುಬಂದರು. ಯಾವುದನ್ನೂ ತೆರೆದು ನೋಡಿರಲಿಲ್ಲ.

ಅದೇ ವಾರ ಹಳೆಯ ಕಂಪ್ಯೂಟರು ಕೆಟ್ಟು ನಿಂತಿತು. ನಿಶ್ಮಿತಾ ತನ್ನ ಲ್ಯಾಪ್‌ಟಾಪಿನಲ್ಲಿ ನಕಲು ತೆರೆದರೆ ಕನ್ನಡವೇ ಇಲ್ಲ. ಪುಟದ ತುಂಬ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ. ನಳಿನಾಕ್ಷಿ ಓಡಿಹೋದಾಗ ಜಯಶೀಲ ಸೋಫಾದ ಅಂಚಿನಲ್ಲಿ ಕೂತಿದ್ದರು.

“ಮಾತಾ ಪೋಂಡು ಮಗಾ,” ಎಂದರು ತುಳುವಿನಲ್ಲಿ. ಎಲ್ಲಾ ಹೋಯಿತು.

“ಫೈಲ್ ಕರಪ್ಟ್ ಆಗಿದೆ ಅನ್ಸ್ತದೆ ನಳಿನಕ್ಕ. ಡಿಲೀಟ್ ಮಾಡಿ ಬಿಡ್ಲಾ?” ಎಂದಳು ನಿಶ್ಮಿತಾ. ಅವಳ ಕಣ್ಣೂ ತುಂಬಿತ್ತು.

“ಬೇಡ ಬೇಡ, ಮುಟ್ಬೇಡ!” ನಳಿನಾಕ್ಷಿ ಪರದೆಯ ಹತ್ತಿರ ಮುಖ ತಂದರು. ಆಮೇಲೆ ಆದದ್ದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ. “ನಮ್ಮ ಪ್ರೆಸ್ಸಿನಲ್ಲಿ ಇದ್ದದ್ದು ಅದೇ ಹಳೇ ಫಾಂಟು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಹೀಗೇ ಕಾಣ್ತದೆ. ದೊಡ್ಡ ಪಿ ಬಂದ್ರೆ ಕ, ಪೌಂಡ್ ಬಂದ್ರೆ ನ. ಮೊದಲ ಸಾಲು ಓದಿದೆ. ‘ಅಡುಗೆಯ ಚೆನ್ನಯ ಭಟ್ಟಿಯ ಮುಂದೆ ನಿಂತರೆ’ ಅಂತ ಇತ್ತು. ಗಟ್ಟಿಯಾಗಿ ಓದಿ ಹೇಳಿದೆ. ಜಯಶೀಲಣ್ಣ ಎದ್ದು ಬಂದು ನನ್ನ ತಲೆ ಮೇಲೆ ಕೈಯಿಟ್ರು.”

ಹಳೆಯ ಬರಹವನ್ನು ಎಲ್ಲ ಯಂತ್ರಗಳಲ್ಲೂ ಕಾಣಿಸುವ ಈಗಿನ ಯೂನಿಕೋಡ್‌ಗೆ ಬದಲಿಸುವ ಸಾಫ್ಟ್‌ವೇರ್ ಇದೆ. ಆದರೆ ಬದಲಿಸುವಾಗ ಒತ್ತಕ್ಷರ ಕಳಚಿತು, ಅರ್ಕಾವತ್ತು ಜಾಗ ತಪ್ಪಿತು. ಒಂದೊಂದನ್ನೂ ಕೈಯಲ್ಲೇ ತಿದ್ದಬೇಕು. ಆದಿತ್ಯವಾರದ ಮೂರು ಮನೆಗಳನ್ನು ಬಿಟ್ಟು ನಳಿನಾಕ್ಷಿ ಬದಲಾಪುರಕ್ಕೆ ಹೋಗತೊಡಗಿದರು. ಜಯಶೀಲರ ಕಣ್ಣು ಮಂಜಾಗಿತ್ತು. ಉಳಿದ ಅಧ್ಯಾಯಗಳನ್ನು ಅವರು ಬಾಯಲ್ಲಿ ಹೇಳಿದರು, ಇವರು ಟೈಪ್ ಮಾಡಿದರು.

“ಎಂಟು ವರ್ಷ ಆದ್ಮೇಲೆ ಬೆರಳು ಮರೆತಿರ್ತದೆ ಅಂತ ಹೆದರಿಕೆ ಇತ್ತು. ಮರೆತಿರ್ಲಿಲ್ಲ. ಅವರು ಹೇಳಿ ಮುಗಿಸುವುದರೊಳಗೆ ನನ್ನ ಟೈಪಿಂಗ್ ಆಗ್ತಿತ್ತು. ನಿಜ ಹೇಳ್ಬೇಕಾದ್ರೆ, ಆಮೇಲಾಮೇಲೆ ನಾನೇ ನಿಧಾನ ಮಾಡ್ತಿದ್ದೆ. ಮುಗಿದ್ರೆ ಮತ್ತೆ ಎಲ್ಲಿಗೆ ಹೋಗುದು?”

ಮುಗಿಯಿತು. ಪುಸ್ತಕ ಅಚ್ಚಾಗಿ ಬಂತು. ಒಳಪುಟದಲ್ಲಿ ಸಣ್ಣಕ್ಷರದಲ್ಲಿ ‘ಅಕ್ಷರ ಜೋಡಣೆ: ನಳಿನಾಕ್ಷಿ’ ಎಂದಿದೆ. ಅಷ್ಟು ವರ್ಷ ಸಾವಿರಾರು ಜನರ ಹೆಸರು ಜೋಡಿಸಿದವರು ತಮ್ಮ ಹೆಸರನ್ನು ಅಚ್ಚಿನಲ್ಲಿ ಕಂಡದ್ದು ಅದೇ ಮೊದಲು. ಮಗ ಮಯೂರ್‌ಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. “ಇಸ್ಮೇ ತೇರಾ ನಾಮ್ ಕಿಧರ್ ಹೈ ಮಮ್ಮಿ?” ಎಂದು ಕೇಳಿದನಂತೆ. ಬೆರಳಿಟ್ಟು ತೋರಿಸಿದರಂತೆ.

ಈಗ ಮತ್ತೆ ದಿನಕ್ಕೆ ಎರಡು ಮನೆ. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಬೀಳ್ಕೊಡುವಾಗ ನಳಿನಾಕ್ಷಿ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ. ಆಚೀಚೆ ಜನ ನೂಕುತ್ತಿದ್ದಾರೆ.

“ನೀವು ಬರೆಯುವುದನ್ನು ಯಾರು ಟೈಪ್ ಮಾಡ್ತಾರೆ?” ಎಂದು ಕೇಳುತ್ತಾರೆ.

“ನಾನೇ. ಫೋನಿನಲ್ಲೇ.”

“ಹೌದಾ? ಒತ್ತಕ್ಷರ ಎಲ್ಲ ಸರಿ ಬರ್ತದಾ?”

“ಬರ್ತದೆ.”

“ಒಳ್ಳೇದಾಯ್ತು,” ಎನ್ನುತ್ತಾರೆ. ಕಲ್ಯಾಣದ ಗಾಡಿಯ ಘೋಷಣೆ ಕೇಳುತ್ತದೆ. ಎರಡು ಮೆಟ್ಟಿಲು ಇಳಿದವರು ತಿರುಗಿ ನೋಡುತ್ತಾರೆ. “ಆದ್ರೂ ಒಂದು ಪುಟ ಕೈಯಲ್ಲಿ ಬರೆದು ಕಳಿಸಿ. ಒಂದೇ ಪುಟ ಸಾಕು. ನಾನು ಜೋಡಿಸಿ ಕೊಡ್ತೇನೆ.”