ಡೆಲ್ಮಾ ಮಿಸ್ ಕೇಳಿದ ಮೆಟ್ಟಿಲು

ಕಡಲತೀರದ ನಮ್ಮ ಊರು ಪೋರ್ಟ್ ಕ್ಯಾರಿಕ್‌ನಲ್ಲಿ ಈಜು ಬಲ್ಲವರೆಲ್ಲ ಡೆಲ್ಮಾ ಮಿಸ್ ಅವರ ಬೈಗುಳ ತಿಂದವರೇ. ದೋಣಿ ಕಟ್ಟುವ ಹಳೇ ಮರದ ಜೆಟ್ಟಿಯ ಮೆಟ್ಟಿಲ ಮೇಲೆ ಹುಲ್ಲಿನ ಟೋಪಿ ಹಾಕಿಕೊಂಡು ನಿಂತು, "ಕಾಲು ಬಡಿಯೋ ಸೋಮಾರಿ! ಸಮುದ್ರ ಏನು ನಿನ್ನ ಹೊತ್ಕೊಂಡು ಬಂದು ದಡಕ್ಕೆ ಬಿಡುತ್ತಾ?" ಎಂದು ಅವರು ಕೂಗಿದರೆ ಕಡಲಹಕ್ಕಿಗಳೂ ಜಾಗ ಖಾಲಿ ಮಾಡುತ್ತಿದ್ದವು. ನನ್ನನ್ನೂ ಆಮೇಲೆ ನನ್ನ ಮಕ್ಕಳನ್ನೂ ನೀರಿಗಿಳಿಸಿದವರು ಅವರೇ.

ಆ ಜೆಟ್ಟಿ ಕೆಡವಿ ಕಸ್ಟಮ್ಸ್ ದೋಣಿಗಳಿಗೆ ಕಾಂಕ್ರೀಟ್ ಕಟ್ಟೆ ಕಟ್ಟಲು ಸರ್ಕಾರ ಹೊರಟಿತು. ನಕ್ಷೆಯಲ್ಲಿ ನೀರಿಗಿಳಿಯಲು ಮೆಟ್ಟಿಲೇ ಇಲ್ಲ. ಮಕ್ಕಳು ಈಜು ಕಲಿಯುವುದೆಲ್ಲಿ? ಇಂಥ ದೊಡ್ಡ ಕೆಲಸವನ್ನು ಪಾರ್ಲಿಮೆಂಟಿನ ಸಮಿತಿ ವಿಚಾರಿಸಿ ವರದಿ ಕೊಡುವ ತನಕ ಶುರು ಮಾಡುವಂತಿಲ್ಲವೆಂದು ಕಾಯಿದೆಯೇ ಇದೆ. ಸಮಿತಿ ಊರಿಗೆ ಬಂದಾಗ ಮಾತಾಡುತ್ತೇನೆಂದು ಮಿಸ್ ಹೆಸರು ಕೊಟ್ಟರು. ಸಮಿತಿಗಿಂತ ಮೊದಲೇ ಕ್ರೇನ್ ಬಂತು.

ಮಿಸ್ ಅಡಿಲೇಡ್ ನಗರಕ್ಕೆ ಹೋಗಿ ಕೋರ್ಟು ಹತ್ತಿದರು. ನ್ಯಾಯಾಧೀಶರು ಸೌಮ್ಯ ಮನುಷ್ಯ. ಕಾಯಿದೆ ಹಾಗೆ ಹೇಳುವುದು ನಿಜ, ಆದರೆ ಅದನ್ನು ಕಾಯುವ ಹೊಣೆ ಪಾರ್ಲಿಮೆಂಟಿನದು, ಸರ್ಕಾರ ಮೀರಿದರೆ ಕೇಳಬೇಕಾದ್ದೂ ಪಾರ್ಲಿಮೆಂಟೇ, ಕೆಲಸ ನಿಲ್ಲಿಸಿ ಎನ್ನಲು ನಮಗೆ ಅಧಿಕಾರವಿಲ್ಲ ಎಂದರು. ನನಗಂತೂ ಮೈಯೆಲ್ಲ ಉರಿದುಹೋಯಿತು. ಮೀರಿದರೂ ಯಾರೂ ತಡೆಯದ ಕಾಯಿದೆ ಯಾವ ಚೆಂದಕ್ಕೆ? ಮಿಸ್ ಮಾತ್ರ ತಣ್ಣಗೆ ಬಸ್ಸು ಹತ್ತಿದರು.

ಶನಿವಾರ ನಮ್ಮ ಎಂ.ಪಿ. ಡಾರ್ಸಿ ಪೆಂಗೆಲಿ ಪೇಟೆ ಬೀದಿಯಲ್ಲಿ ಮಾಂಸದ ಸಾಸೇಜು ಸುಟ್ಟು, ಬ್ರೆಡ್ಡಿನಲ್ಲಿ ಸುತ್ತಿ ಮತದಾರರಿಗೆ ಹಂಚುತ್ತಿದ್ದ. ಅವನೂ ಮಿಸ್ ಅವರ ಶಿಷ್ಯನೇ. ಮಿಸ್ ಸಾಲಿನಲ್ಲಿ ನಿಂತು ಅವನ ಮುಂದೆ ಬಂದರು.

"ಡಾರ್ಸಿ, ನೀನು ಪಾರ್ಲಿಮೆಂಟಿನವನು ಹೌದೋ ಅಲ್ವೋ?"

"ಇದೇನ್ ಮಿಸ್ ಹೀಗ್ ಕೇಳ್ತೀರಿ? ಈರುಳ್ಳಿ ಹಾಕ್ಲಾ?"

"ಹಾಕು. ಇದನ್ನ ಪಾರ್ಲಿಮೆಂಟೇ ಕೇಳ್ಬೇಕಂತೆ, ಜಡ್ಜ್ ಹೇಳಿದ್ರು. ಅದಕ್ಕೇ ಬಂದೆ. ಕೇಳು."

"ಮಂತ್ರಿ ನಮ್ಮ ಪಕ್ಷದೋರೇ ಮಿಸ್! ನನ್ನ ಚರ್ಮ ಸುಲೀತಾರೆ."

"ಸುಲೀಲಿ ಬಿಡು. ನೀರು ಕಂಡ್ರೆ ಹೆದರಿ ಜೆಟ್ಟಿ ಕಂಬ ತಬ್ಕೊಂಡು ಅಳ್ತಿದ್ಯಲ್ಲ, ಆಗ ನಾನೇನು ನಿನ್ನ ಬಿಟ್ಟು ಮನೆಗೆ ಹೋದ್ನಾ?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಡಾರ್ಸಿ ನಗಲಿಲ್ಲ. ಮುಂದಿನ ವಾರ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಸಮಿತಿಯನ್ನು ಕಾಯದೆ ಕ್ರೇನ್ ಕಳಿಸಿದ್ದು ಯಾಕೆಂದು ತನ್ನದೇ ಮಂತ್ರಿಯನ್ನು ಕೇಳಿಬಿಟ್ಟ. ಪತ್ರಿಕೆಗಳು ಅದನ್ನೇ ದೊಡ್ಡದಾಗಿ ಬರೆದವು. ಕೆಲಸ ನಿಂತಿತು, ಸಮಿತಿ ಬಂತು. ಅಷ್ಟರಲ್ಲಿ ಅರ್ಧ ಜೆಟ್ಟಿ ಹೋಗಿತ್ತು.

"ಹಾಗಾದ್ರೆ ಕಟ್ಟೆಯೇ ಬೇಡ ಅಂತೀರಾ?" ಎಂದು ಸಮಿತಿಯ ಅಧ್ಯಕ್ಷರು ಮಿಸ್ ಅವರನ್ನು ಕೇಳಿದರು.

"ಯಾರ್ ಹೇಳಿದ್ದು? ಧಾರಾಳವಾಗಿ ಕಟ್ಟಿ. ಒಂದ್ ಮೂಲೇಲಿ ಮಕ್ಕಳು ನೀರಿಗಿಳಿಯೋಕೆ ನಾಲ್ಕು ಮೆಟ್ಟಿಲು ಬಿಡಿ."

"ಅಷ್ಟೇನಾ?"

"ಅಷ್ಟೇ. ಮೊದಲೇ ಬಂದು ಕೇಳಿದ್ರೆ ಒಂದೇ ಮಾತಲ್ಲಿ ಮುಗೀತಿತ್ತು."

ಅಧ್ಯಕ್ಷರು ತಲೆಯೆತ್ತದೆ ಬರೆದುಕೊಂಡರು.

ಮೆಟ್ಟಿಲು ಬಂತು. ಡಾರ್ಸಿಗೆ ಮುಂದಿನ ಚುನಾವಣೆಯಲ್ಲಿ ಪಕ್ಷ ಟಿಕೆಟ್ ಕೊಡಲಿಲ್ಲ. ಅವನಿಗಾದ ಅನ್ಯಾಯಕ್ಕೆ ಊರಿಗೇ ಬೇಜಾರು; ಮಿಸ್ ಅಂತೂ ಅವನ ಮನೆಗೆ ಹೋಗಿ ಸಂಜೆತನಕ ಜೊತೆಗೆ ಕೂತು ಬಂದರಂತೆ. ಮರುದಿನ ಬೆಳಿಗ್ಗೆ ಅವನು ಚಡ್ಡಿ ಹಾಕಿಕೊಂಡು ಹೊಸ ಮೆಟ್ಟಿಲ ಹತ್ತಿರ ಬಂದು ನಿಂತ. ಈಗ ಪುಟ್ಟ ಮಕ್ಕಳನ್ನು ನೀರಿಗಿಳಿಸುವವನು ಅವನೇ. ಮಿಸ್ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು, ಮಕ್ಕಳನ್ನು ಬಿಟ್ಟು ಅವನನ್ನೇ ಬೈಯುತ್ತಾರೆ.