ಫಿಲ್ಟರ್ ಪಾಸು ಮಾಡುವ ಮೂಗು

ಇಂಜಿನ್ನಿಗೂ ಮನುಷ್ಯನಿಗೂ ಉಸಿರು ಒಂದೇ ಎಂದು ಮೆಕ್ಯಾನಿಕ್ ಇಪ್ಪತ್ತು ವರ್ಷದಿಂದ ನಂಬಿಕೊಂಡು ಬಂದಿದ್ದ. ರೇಸ್ ಕಾರಿಗೆ ಏರ್ ಫಿಲ್ಟರ್ ಹಾಕುವ ಮೊದಲು ಅದನ್ನು ಮುಖಕ್ಕೊತ್ತಿಕೊಂಡು, ಕಣ್ಣು ಮುಚ್ಚಿ, ಮೂಗಿನಿಂದ ಉಸಿರೆಳೆಯುತ್ತಿದ್ದ. ಗಾಳಿ ಸಲೀಸಾಗಿ ಬಂದರೆ ಫಿಲ್ಟರ್ ಪಾಸು. ಇದಕ್ಕೆ ಬೇರೆ ಮೀಟರು ಗೀಟರು ಬೇಕಿಲ್ಲ ಎಂಬುದು ಅವನ ಗತ್ತು.

ಅಂದು ಮಧ್ಯಾಹ್ನ ಮೂರಕ್ಕೆ ಭಾವಮೈದುನನ ರೇಸು. ಅವನ ಕಾರಿನ ಹಳೆಯ ಗಾಳಿ ಪೈಪು ಕಿತ್ತು, ಅಗಲವಾದ ಹೊಸದನ್ನು ಕೂರಿಸಿಯಾಗಿತ್ತು. ಅದರ ತುದಿಗೆ ಹೊಸ ಫಿಲ್ಟರ್ ಹಾಕುವುದೊಂದೇ ಬಾಕಿ. ಮೆಕ್ಯಾನಿಕ್ ಒಂದನ್ನು ಮೂಗಿಗೆ ಹಿಡಿದ. ಗಾಳಿ ಬರಲಿಲ್ಲ. ಎರಡನೆಯದೂ ಅಷ್ಟೇ. ಊಟದ ಹೊತ್ತಿಗೆ ಒಂಬತ್ತು ಫಿಲ್ಟರುಗಳು ಮೂಲೆ ಸೇರಿದ್ದವು.

"ಎಲ್ಲಾ ಡೂಪ್ಲಿಕೇಟ್ ಮಾಲು!" ಎಂದು ತಲೆ ಮೇಲೆ ಕೈ ಹೊತ್ತು ಕೂತು, ಎರಡು ಸಲ ಸೀನಿದ.

"ಭಾವ, ನಿಮಗೆ ನೆಗಡಿ," ಎಂದ ಭಾವಮೈದುನ.

"ನೆಗಡಿಗೂ ಇದಕ್ಕೂ ಏನೋ ಸಂಬಂಧ? ಇಪ್ಪತ್ತು ವರ್ಷ ಸರ್ವಿಸಾದ ಮೂಗು ಕಣೋ ಇದು!"

ಊಟದ ಡಬ್ಬಿ ತಂದ ಹೆಂಡತಿ ಮೂಲೆಯಿಂದ ಒಂದು ಫಿಲ್ಟರ್ ಎತ್ತಿ ಉಸಿರೆಳೆದಳು. "ಚೆನ್ನಾಗೇ ಇದೆಯಲ್ರೀ. ಸುಮ್ನೆ ಹಾಕಿ, ಅವನಿಗೆ ಹೊತ್ತಾಯ್ತು."

ಗೊಣಗುತ್ತಲೇ ಹಾಕಿದ. ಕಾರು ಗೆದ್ದಿತು. ಭಾವಮೈದುನ ಕಪ್ಪನ್ನು ತಂದು ನೇರವಾಗಿ ಅಕ್ಕನ ಕೈಗಿಟ್ಟ.

ಈಗ ಗ್ಯಾರೇಜಿಗೆ ಬಂದ ಗಿರಾಕಿಗಳೆಲ್ಲ ಮೊದಲು ಕೇಳುವುದು, "ಅಕ್ಕಾವ್ರು ಇದ್ದಾರಾ?" ಮೆಕ್ಯಾನಿಕ್ಕನ ನೆಗಡಿ ಹೋಗಿ ತಿಂಗಳಾಯಿತು. ಅವನು ಬಾಗಿಲಲ್ಲೇ ನಿಂತು, ಬಂದವರೆದುರು ಸದ್ದು ಮಾಡಿ ಉಸಿರೆಳೆದು ತೋರಿಸುತ್ತಾನೆ. ಅವರು ತಲೆಯಾಡಿಸಿ, ಫಿಲ್ಟರನ್ನು ಒಳಗೆ ಒಯ್ಯುತ್ತಾರೆ.