ಯಜಮಾನನ ತುಂಡು

ಕಕಮೆಗಾ ಪಟ್ಟಣದಲ್ಲಿ, ವಾಸಿಯಾಗದ ಕಾಯಿಲೆಯ ಮಕ್ಕಳ ಆಸೆ ಈಡೇರಿಸುವ ಸಂಸ್ಥೆಯಲ್ಲಿ ನಬ್ವಿಲೆ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಆ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ಮಣ್ಣಿಗೂ ಅವಳು ಹೋಗಿದ್ದಳು. ರಕ್ತದ ಕ್ಯಾನ್ಸರ್ ಇದ್ದ ಒಂಬತ್ತರ ಹುಡುಗಿ ಅಯೂಮಾ ಬೊಂಬೆ ಕೇಳಲಿಲ್ಲ.

“ಕೋಳಿಯ ಜಠರ ತಿನ್ಬೇಕು,” ಎಂದಳು.

ಅಲ್ಲಿನ ರೂಢಿಯಲ್ಲಿ ಅದು ಮನೆಯ ಯಜಮಾನನ ಪಾಲು, ಹೆಣ್ಣುಮಕ್ಕಳು ಮುಟ್ಟುವಂತಿಲ್ಲ.

“ವಿಮಾನ ಕೇಳೇ, ಈ ಸಂಸ್ಥೆಯ ಅಕ್ಕ ಹತ್ತಿಸ್ತಾಳೆ,” ಎಂದು ಅಪ್ಪ ಮುಖ್ವಾನ ಗದರಿದ.

“ವಿಮಾನ ಯಾರು ಬೇಕಾದ್ರೂ ಹತ್ತಬಹುದಲ್ಲಪ್ಪ.”

ವಾದಿಸುವ ಶಕ್ತಿ ನಬ್ವಿಲೆಗೆ ಉಳಿದಿರಲಿಲ್ಲ. “ಇದು ನಮ್ಮ ಕೈಲಾಗಲ್ಲಣ್ಣ, ನೀವೇ ಕೊಡ್ಬೇಕು,” ಎಂದು ಮುಖ್ವಾನನಿಗೆ ಹೇಳಿದಳು.

ಭಾನುವಾರ ಕೋಳಿ ಬೆಂದಿತು. ಮುಖ್ವಾನ ತನ್ನ ತಟ್ಟೆಯ ಜಠರದ ತುಂಡನ್ನು ಮಗಳ ಬಾಯಿಗಿಟ್ಟು ಬಾಗಿಲಾಚೆ ನೋಡುತ್ತ ಕೂತ. ಅವಳು ಬಹಳ ಹೊತ್ತು ಅಗಿದಳು.

“ಇದಕ್ಕಾ ಅಪ್ಪ ನಿಮಗೆ ಇಷ್ಟು ಜಂಬ?”

ನಬ್ವಿಲೆ ಸಂಸ್ಥೆಯ ಹಾಳೆಯಲ್ಲಿ ಅಯೂಮಾಳ ಆಸೆಯ ಮುಂದೆ ‘ಈಡೇರಿತು’ ಎಂದು ಬರೆದಳು.